ಹಣ ಕೊಡುವ ಸಮೀಕ್ಷೆಗಳು ಮತ್ತು ಒಂದು ನೋಟ್‌ಬುಕ್ಕಿನ ಕೊನೆಯ ಪುಟ

ಆಪ್ತಸಮಾಲೋಚನೆಗೆ ನನ್ನ ಬಳಿ ಬಂದ ಮಹಿಳೆಯೊಬ್ಬರ ಪ್ರಕರಣವಿದು. ಇದನ್ನು ಬರೆಯಲು ಆಕೆ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಹೆಸರು ಹಾಕಿಲ್ಲ. ಬರೆದು ಮುಗಿಸಿದ ಮೇಲೆ ಆಕೆಗೆ ಓದಲು ಕೊಟ್ಟು, ಬೇಡವೆಂದ ಎರಡು ಸಾಲುಗಳನ್ನು ತೆಗೆದಿದ್ದೇನೆ.

ವಯಸ್ಸು 36. ಮುದ್ರಣಾಲಯವೊಂದರಲ್ಲಿ 11 ವರ್ಷ ಕರಡು ತಿದ್ದುವ ಕೆಲಸ ಮಾಡಿದವರು. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಲು ಆ ಕೆಲಸ ಬಿಟ್ಟು ಎರಡು ವರ್ಷ ದಾಟಿತ್ತು. ನಿದ್ದೆ ಬರುವುದಿಲ್ಲ, ಸಣ್ಣಪುಟ್ಟದ್ದಕ್ಕೂ ಸಿಟ್ಟು ಬರುತ್ತದೆ ಎಂದು ವೈದ್ಯರ ಬಳಿ ಹೋದಾಗ ಅವರು ನನ್ನಲ್ಲಿಗೆ ಕಳುಹಿಸಿದ್ದರು. ಕುಳಿತ ಕೂಡಲೇ ಆಕೆ ನೇರವಾಗಿ ವಿಷಯಕ್ಕೆ ಬಂದರು.

“ಮೇಡಂ, ನನ್ನದು ಅಂಥ ದೊಡ್ಡ ಸಮಸ್ಯೆಯೇನಲ್ಲ. ದುಡ್ಡು ಕೊಡುವ ಆನ್‌ಲೈನ್ ಸಮೀಕ್ಷೆಗಳನ್ನು ಮಾಡುತ್ತೇನೆ. ಅದು ದಂಡದ ಕೆಲಸ ಎಂದು ನಮ್ಮ ಮನೆಯವರು ಹೇಳುತ್ತಾರೆ. ದಂಡವೋ ಅಲ್ಲವೋ ನೀವು ಹೇಳಿಬಿಡಿ, ಸಾಕು.”

ಅತ್ತೆಗೆ ಔಷಧಿ ಕೊಡುವುದು, ಮಗ್ಗುಲು ಬದಲಿಸುವುದು, ಬಟ್ಟೆ ಬದಲಿಸುವುದು, ಇವುಗಳ ನಡುವೆ ಸಿಗುವ ಹತ್ತು ಹದಿನೈದು ನಿಮಿಷಗಳನ್ನು ಯಾರಿಗೂ ಮಾರಲು ಬರುವುದಿಲ್ಲ. ಅಂಥ ಚೂರು ಸಮಯವನ್ನು ಕೊಳ್ಳಲು ಸಿದ್ಧವಿದ್ದದ್ದು ಸಮೀಕ್ಷೆಗಳು ಮಾತ್ರ. ಗಂಡನನ್ನು ಕೇಳದೆ ಖರ್ಚು ಮಾಡಲು ಕೈಯಲ್ಲಿ ಒಂದಿಷ್ಟು ಹಣವಿರಲಿ ಎಂದು ಶುರು ಮಾಡಿದ್ದರು. ದುಡಿದು ಅಭ್ಯಾಸವಾದ ಕೈಗೆ ಇನ್ನೊಬ್ಬರ ಮುಂದೆ ಚಾಚುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಆದ್ದರಿಂದ ಆ ಆಸೆಯನ್ನು ನಾನು ಸಣ್ಣದೆಂದು ಎಣಿಸಲಿಲ್ಲ. ಆದರೆ ಹಗಲಿನ ಚೂರು ಸಮಯದಲ್ಲಿ ಆರಂಭವಾದದ್ದು ರಾತ್ರಿ ಒಂದೂವರೆ, ಎರಡು ಗಂಟೆಯವರೆಗೆ ಬೆಳೆದಿತ್ತು.

ದಂಡವೋ ಅಲ್ಲವೋ ಎಂಬುದನ್ನು ನಾನು ಊಹಿಸಿ ಹೇಳಬಾರದು, ನೀವೇ ಎರಡು ವಾರ ಲೆಕ್ಕ ಬರೆದು ತನ್ನಿ ಎಂದೆ. ಸಮೀಕ್ಷೆ ತೆರೆದ ಹೊತ್ತು, ಮುಚ್ಚಿದ ಹೊತ್ತು, ಏನಾಯಿತು, ಆಮೇಲೆ ಹಣವಾಗಿಸಿಕೊಳ್ಳಬಹುದಾದ ಪಾಯಿಂಟ್ ಎಷ್ಟು ಬಂತು. ಹೊಸ ಸಮೀಕ್ಷೆ ಬಂದಿದೆಯೇ ಎಂದು ಸುಮ್ಮನೆ ನೋಡಿದ ಸಮಯವನ್ನೂ ಬರೆಯಬೇಕು. ಸಾಮಾನ್ಯವಾಗಿ ಎಲ್ಲರೂ ಬಿಟ್ಟುಬಿಡುವುದು ಈ ಕೊನೆಯದನ್ನೇ.

ಕರಡು ತಿದ್ದಿದವರ ಅಚ್ಚುಕಟ್ಟು ಆ ಲೆಕ್ಕದಲ್ಲಿತ್ತು. 14 ದಿನಗಳಲ್ಲಿ 38 ಗಂಟೆ. ತೆರೆದ ಸಮೀಕ್ಷೆಗಳು 168, ಪೂರ್ತಿ ಮಾಡಲು ಬಿಟ್ಟದ್ದು 47. ಉಳಿದ 121ರಲ್ಲಿ ಸ್ವಲ್ಪ ದೂರ ಕರೆದೊಯ್ದು ‘ಈ ಸಮೀಕ್ಷೆಗೆ ನೀವು ಅರ್ಹರಲ್ಲ’ ಎಂದು ಹೊರಗೆ ಕಳುಹಿಸಿದ್ದರು. ಬರೀ ಹೀಗೆ ಹೊರಬಿದ್ದದ್ದಕ್ಕೇ 12 ಗಂಟೆ ಹೋಗಿತ್ತು. ಹುಡುಕುತ್ತ, ಕಾಯುತ್ತ ಕಳೆದದ್ದು ಇನ್ನೊಂದು 10 ಗಂಟೆ. ಹಿಂದಿನ ಸಂಬಳದ ಜೊತೆ ಹೋಲಿಸಲು ಕೇಳಿದಾಗ ಆಕೆ ಅಲ್ಲೇ ಕೂಡಿಸಿ ಭಾಗಿಸಿದರು. ಮುದ್ರಣಾಲಯದಲ್ಲಿ ನಾಲ್ಕು ಗಂಟೆಗೆ ಸಿಗುತ್ತಿದ್ದಷ್ಟೂ ಈ 38 ಗಂಟೆಗೆ ಬಂದಿರಲಿಲ್ಲ. ಬಂದದ್ದರಲ್ಲೂ ಅರ್ಧಕ್ಕಿಂತ ಹೆಚ್ಚು ಕೈಗೆ ಬಂದಿರಲಿಲ್ಲ. ಹಣವಾಗಿಸಿಕೊಳ್ಳಲು ಬೇಕಾದ ಕನಿಷ್ಠ ಮೊತ್ತ ತಲುಪದೆ ಮೂರು ತಾಣಗಳಲ್ಲಿ ಹಂಚಿಹೋಗಿ ಕುಳಿತಿತ್ತು.

“ಇಷ್ಟು ದಡ್ಡಿಯಾದೆನೇ ನಾನು?” ಎಂದು ಕೇಳಿದರು.

ಅಲ್ಲ. ಆ ಮಾತನ್ನು ಹಾಗೆಯೇ ಬಿಡಬಾರದೆಂದು ನಾನು ಸಮೀಕ್ಷೆಗಳ ಒಳಗುಟ್ಟನ್ನು ವಿವರವಾಗಿಯೇ ಹೇಳಿದೆ. ಸಮೀಕ್ಷೆ ಮಾಡಿಸುವವರಿಗೆ ಎಲ್ಲರ ಅಭಿಪ್ರಾಯ ಬೇಕಿರುವುದಿಲ್ಲ. ಕಳೆದ ಆರು ತಿಂಗಳಲ್ಲಿ ಕಾರು ಕೊಂಡವರು, ಇಂಥ ವಯಸ್ಸಿನವರು, ಇಂಥ ಕಾಯಿಲೆ ಇರುವವರು, ಹೀಗೆ ಬೇಕು. ಪ್ರತಿ ಗುಂಪಿನಿಂದ ಇಷ್ಟೇ ಜನ ಎಂಬ ಮಿತಿ ಇರುತ್ತದೆ. ಅದು ತುಂಬಿದರೆ ಎಷ್ಟೇ ಪ್ರಾಮಾಣಿಕವಾಗಿ ಉತ್ತರಿಸಿದರೂ ಬಾಗಿಲು ಮುಚ್ಚಿಕೊಳ್ಳುತ್ತದೆ. ಅರ್ಹತೆ ಪರೀಕ್ಷಿಸುವ ಆ ಪ್ರಶ್ನೆಗಳಿಗೆ ಕೊಟ್ಟ ಸಮಯಕ್ಕೆ ಬಹುಪಾಲು ತಾಣಗಳು ಏನೂ ಕೊಡುವುದಿಲ್ಲ, ಕೊಟ್ಟರೂ ನೆಪಕ್ಕೆ ಒಂದೆರಡು ಪಾಯಿಂಟ್. ಐದು ನಿಮಿಷದ್ದು ಎಂದು ಬರೆದದ್ದು ಇಪ್ಪತ್ತು ನಿಮಿಷಕ್ಕೆ ಎಳೆಯುವುದೂ ಉಂಟು.

ಸೇರಿದ ದಿನವೇ ಪುಕ್ಕಟೆಯಾಗಿ ಒಂದಿಷ್ಟು ಪಾಯಿಂಟ್ ಕೊಟ್ಟಿದ್ದನ್ನು ಆಕೆ ನೆನಪಿಸಿಕೊಂಡರು. ಅದು ಔದಾರ್ಯವೆಂದೇ ಆಕೆ ತಿಳಿದಿದ್ದರು. ಆದರೆ ಅದರ ಹಿಂದೆ ಬೇರೆಯೇ ಲೆಕ್ಕವಿದೆ. ಇಲಿಗಳು ಆಹಾರ ಹತ್ತಿರವಾದಂತೆಲ್ಲ ಓಟದ ವೇಗ ಹೆಚ್ಚಿಸುತ್ತವೆ ಎಂಬುದನ್ನು ಮನೋವಿಜ್ಞಾನಿ ಕ್ಲಾರ್ಕ್ ಹಲ್ 1930ರ ದಶಕದಲ್ಲೇ ತೋರಿಸಿದ್ದರು. 2006ರಲ್ಲಿ ಸಂಶೋಧಕ ರಾನ್ ಕಿವೆಟ್ಜ್ ಮತ್ತು ಅವರ ಸಹೋದ್ಯೋಗಿಗಳು ಇದನ್ನೇ ಮನುಷ್ಯರಲ್ಲಿ ನೋಡಿದರು. ಕೊಂಡ ಪ್ರತಿ ಕಾಫಿಗೆ ಒಂದು ಮುದ್ರೆ, ಹತ್ತು ಮುದ್ರೆ ಬಿದ್ದರೆ ಒಂದು ಕಾಫಿ ಉಚಿತ ಎಂಬ ಕಾರ್ಡನ್ನು ಕೆಲವರಿಗೆ ಕೊಟ್ಟರು. ಇನ್ನು ಕೆಲವರಿಗೆ ಹನ್ನೆರಡು ಮುದ್ರೆಗಳ ಕಾರ್ಡು ಕೊಟ್ಟು, ಅದರಲ್ಲಿ ಎರಡನ್ನು ಮೊದಲೇ ಒತ್ತಿಕೊಟ್ಟರು. ಇಬ್ಬರೂ ಕೊಳ್ಳಬೇಕಾದದ್ದು ಹತ್ತೇ. ಆದರೆ ಎರಡು ಮುದ್ರೆ ಬಿದ್ದ ಕಾರ್ಡು ಹಿಡಿದವರು ಬೇಗ ಮುಗಿಸಿದರು. ಆಗಲೇ ದಾರಿ ಸವೆಸಿದ್ದೇವೆ ಎಂದು ಅನಿಸಿದರೆ ಅರ್ಧಕ್ಕೆ ಬಿಡಲು ಮನಸ್ಸು ಬಾರದು. ಅದರ ಮೇಲೆ, ಯಾವ ಸಮೀಕ್ಷೆ ಒಳಗೆ ಬಿಡುತ್ತದೆ, ಯಾವುದು ದೂಡುತ್ತದೆ ಎಂದು ಮೊದಲೇ ತಿಳಿಯದು. ಕಾಳು ಯಾವ ಕುಕ್ಕಿಗೆ ಬೀಳುತ್ತದೆಂದು ಗೊತ್ತಿಲ್ಲದ ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆ ಎಂದು ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಕಂಡುಕೊಂಡಿದ್ದರು. ರಾತ್ರಿ ಎರಡು ಗಂಟೆಗೆ ‘ಇದೊಂದು ನೋಡಿ ಮಲಗುತ್ತೇನೆ’ ಎಂದು ಒತ್ತುವ ಬೆರಳಿನ ಹಿಂದೆ ಇಷ್ಟೆಲ್ಲ ಇದೆ. ಅದನ್ನು ದಡ್ಡತನವೆಂದು ಕರೆಯಲು ನನಗೆ ಮನಸ್ಸಿಲ್ಲ.

ಇಷ್ಟಕ್ಕೆ ನಾನು ಲೆಕ್ಕ ಮುಗಿಯಿತೆಂದುಕೊಂಡಿದ್ದೆ. ಮೂರನೆಯ ಭೇಟಿಯ ಕೊನೆಗೆ, ನೋಟ್‌ಬುಕ್ಕನ್ನು ನನ್ನ ಕಡೆಯಿಂದ ವಾಪಸು ತೆಗೆದುಕೊಳ್ಳುವಾಗ ಅದು ತಿರುಗಿ ಹಿಂಬದಿಯಿಂದ ತೆರೆದುಕೊಂಡಿತು. ಕೊನೆಯ ಪುಟದಲ್ಲಿ ನೀಲಿ ಶಾಯಿಯಲ್ಲಿ, ಗೆರೆ ಎಳೆದು, ಒಂದು ಪಟ್ಟಿ ಇತ್ತು. ಉದ್ಯೋಗ: ಗೃಹಿಣಿ. ಮಗು: ಹೆಣ್ಣು. ಹುಟ್ಟಿದ ತಿಂಗಳು, ವರ್ಷ. ಅದರ ಮುಂದೆ ವಯಸ್ಸಿನ ಅಂಕಿ, ತಿಂಗಳಿಗೊಮ್ಮೆ ಹೊಡೆದುಹಾಕಿ ಮತ್ತೆ ಬರೆದದ್ದು. 2 ವರ್ಷ 2 ತಿಂಗಳು. 2 ವರ್ಷ 3 ತಿಂಗಳು. 2 ವರ್ಷ 4 ತಿಂಗಳು. ಹಳೆಯ ಅಂಕಿಗಳ ಮೇಲೆ ಎಳೆದ ಗೆರೆಯೂ ಕರಡು ತಿದ್ದುವವರು ಎಳೆಯುವಂತೆಯೇ, ನೇರವಾಗಿ, ತೆಳುವಾಗಿ ಇತ್ತು.

ಆಕೆಗೆ ಮಕ್ಕಳಿಲ್ಲವೆಂದು ನನ್ನ ಮೊದಲ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆ.

ನಿಧಾನವಾಗಿ ಹೇಳಿದರು. ಮೊದಮೊದಲು ನಿಜವನ್ನೇ ಬರೆಯುತ್ತಿದ್ದರಂತೆ. ಆದರೆ ಸಮೀಕ್ಷೆಗಳ ಮೊದಲ ಪ್ರಶ್ನೆಗಳಲ್ಲೊಂದು, ನೀವಾಗಲಿ ಮನೆಯವರಾಗಲಿ ಜಾಹೀರಾತು, ಪತ್ರಿಕೆ, ಮಾರುಕಟ್ಟೆ ಸಂಶೋಧನೆಯಂಥ ಕ್ಷೇತ್ರಗಳಲ್ಲಿ ದುಡಿದಿದ್ದೀರಾ ಎಂಬುದು. ಆ ಕ್ಷೇತ್ರದವರಿಗೆ ಒಳಗಿನ ತಿಳಿವಳಿಕೆ ಇರುತ್ತದೆಂದು ಅವರನ್ನು ಹೊರಗಿಡುತ್ತಾರೆ. ಪತ್ರಿಕೆಗಳನ್ನೂ ಅಚ್ಚು ಮಾಡುತ್ತಿದ್ದ ಮುದ್ರಣಾಲಯದ ಹೆಸರು ಹೇಳಿದೊಡನೆ ಬಾಗಿಲು ಮುಚ್ಚುತ್ತಿತ್ತು. ಮೊದಲು ಆ 11 ವರ್ಷಗಳನ್ನು ಅಳಿಸಿದರು. ಆಮೇಲೆ, ಮನೆಯಲ್ಲಿ ಐದು ವರ್ಷದೊಳಗಿನ ಮಗು ಇದ್ದರೆ ಸಮೀಕ್ಷೆಗಳು ಹೆಚ್ಚು ಸಿಗುತ್ತವೆ ಎಂದು ಗಮನಕ್ಕೆ ಬಂತು. ಒಂದು ದಿನ ‘ಹೌದು’ ಎಂದು ಒತ್ತಿದರು. ಒಂದು ತಾಣ ಕೆಲವೇ ವಾರಗಳಲ್ಲಿ ಹಿಡಿದುಹಾಕಿತು. ಪ್ರೊಫೈಲಿನಲ್ಲಿ ಮಕ್ಕಳಿಲ್ಲ ಎಂದಿದೆ, ಉತ್ತರಗಳಲ್ಲಿ ಮಗುವಿದೆ. ಇಂಥ ವೈರುಧ್ಯಗಳನ್ನು ಪತ್ತೆಹಚ್ಚುವ ವ್ಯವಸ್ಥೆ ಅವರಲ್ಲಿ ಇರುತ್ತದೆ. ಖಾತೆಯನ್ನು ಮುಚ್ಚಿದರು, ಸೇರಿದ್ದ ಪಾಯಿಂಟ್‌ಗಳೆಲ್ಲ ಹೋದವು. ಉಳಿದ ತಾಣಗಳಲ್ಲಿ ಹಾಗಾಗದಿರಲೆಂದೇ ಈ ಪಟ್ಟಿ.

“ಈ ತಿಂಗಳನ್ನೇ ಹೇಗೆ ಆರಿಸಿಕೊಂಡಿರಿ?” ಎಂದು ಕೇಳಿದೆ.

ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅದು ಡಾಕ್ಟರು ಕೊಟ್ಟಿದ್ದ ದಿನ” ಎಂದರು.

ಆರನೆಯ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಅತ್ತುಕೊಳ್ಳಲು ಸಿಕ್ಕಿದ್ದು ಕೆಲವೇ ತಿಂಗಳು. ಅಷ್ಟರಲ್ಲಿ ಅತ್ತೆ ಹಾಸಿಗೆ ಹಿಡಿದರು. ಆ ಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಎತ್ತಿದ್ದು ಸಮೀಕ್ಷೆಗಳು ಮಾತ್ರ. ನಿಮ್ಮ ಮಗುವಿಗೆ ಯಾವ ಸೋಪು ಹಿಡಿಸುತ್ತದೆ? ರಾತ್ರಿ ಎಷ್ಟು ಸಲ ಏಳುತ್ತದೆ? ಮೊದಲ ಮಾತು ಆಡಿದ್ದು ಯಾವಾಗ? ಇಪ್ಪತ್ತು ನಿಮಿಷ, ಅರ್ಧ ಗಂಟೆ ಆಕೆ ಆ ಮಗುವಿನ ಬಗ್ಗೆ ಉತ್ತರಿಸುತ್ತಿದ್ದರು. ಪಾಯಿಂಟ್ ಬರದ ಸಮೀಕ್ಷೆಯಾದರೂ ಅಂಥವನ್ನು ಬಿಡಲು ಆಗುತ್ತಿರಲಿಲ್ಲವಂತೆ.

ಮೊದಲೆರಡು ಭೇಟಿಗಳಲ್ಲಿ ನಾನು ಗಂಟೆ, ಪಾಯಿಂಟ್‌ಗಳಲ್ಲೇ ನಿಂತಿದ್ದೆ. ಆಕೆ ಕೇಳಿದ್ದೂ ಅಷ್ಟನ್ನೇ. ಆದರೆ ಸಮಯಕ್ಕೆ ತಕ್ಕ ಬೆಲೆ ಸಿಗುತ್ತಿದೆಯೇ ಎಂದು ಯಾರಾದರೂ ಕೇಳಿದಾಗ, ಹಣದ ಹೊರತು ಅಲ್ಲಿ ಇನ್ನೇನು ಸಿಗುತ್ತಿದೆ ಎಂದು ಮೊದಲ ದಿನವೇ ಕೇಳಬೇಕಿತ್ತು. ಅದನ್ನು ಕೇಳದೆ ‘ನಷ್ಟ, ಬಿಟ್ಟುಬಿಡಿ’ ಎಂದಿದ್ದರೆ, ಆಕೆಯ ಮಗುವಿನ ಬಗ್ಗೆ ಕೇಳುತ್ತಿದ್ದ ಒಂದೇ ಬಾಗಿಲನ್ನೂ ನಾನೇ ಮುಚ್ಚಿದಂತಾಗುತ್ತಿತ್ತು.

ಕೊಟ್ಟ ಸಲಹೆಗಳನ್ನು ಬರೆಯುತ್ತೇನೆ. ಹಣದ ವಿಷಯದಲ್ಲಿ ಮುಚ್ಚುಮರೆ ಮಾಡಲಿಲ್ಲ: ಆದಾಯವೆಂದು ನೆಚ್ಚಿದರೆ ಇದು ದಂಡವೇ. ಕೂತಲ್ಲಿ, ಕಾಯುವಲ್ಲಿ ಹೇಗೂ ಕಳೆದುಹೋಗುವ ಸಮಯವನ್ನು ಮಾತ್ರ ಕೊಟ್ಟು, ಬಂದದ್ದು ಬರಲಿ ಎಂದಿದ್ದರೆ ತೊಂದರೆಯಿಲ್ಲ. ಒಂದೇ ತಾಣ ಸಾಕು, ಪಾಯಿಂಟ್ ಹಂಚಿಹೋಗುವುದಿಲ್ಲ. ಕನಿಷ್ಠ ಮೊತ್ತ ತಲುಪಿದ ದಿನವೇ ಹಣವಾಗಿಸಿಕೊಳ್ಳಬೇಕು, ಏಕೆಂದರೆ ಕೆಲವು ತಾಣಗಳಲ್ಲಿ ಕೆಲಕಾಲ ಸುಮ್ಮನಿದ್ದರೆ ಪಾಯಿಂಟ್‌ಗಳು ರದ್ದಾಗುತ್ತವೆ. ರಾತ್ರಿ ಹತ್ತರ ನಂತರ ಬೇಡ. ಎಷ್ಟು ನಿಮಿಷ, ಎಷ್ಟು ಹಣ ಎಂದು ಮೊದಲೇ ಹೇಳುವ, ವಿಶ್ವವಿದ್ಯಾಲಯಗಳ ಸಂಶೋಧನೆಗೆ ಜನರನ್ನು ಹುಡುಕಿಕೊಡುವ ತಾಣಗಳು ಇದಕ್ಕಿಂತ ಮೇಲು. 2014ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಆರಂಭವಾದ ಪ್ರೊಲಿಫಿಕ್ ಅಂಥದೊಂದು. ಆದರೆ ಅದು ಎಲ್ಲ ದೇಶದವರನ್ನೂ ಸೇರಿಸಿಕೊಳ್ಳುವುದಿಲ್ಲ, ಸೇರಿದವರಿಗೆ ದಿನವೂ ಕೆಲಸ ಸಿಗುವುದೂ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿ ಹೇಳಿದೆ. ಆಕೆಗೆ ಅಪರಿಚಿತರಿಂದ ಒಂದು ಸಂದೇಶ ಬಂದಿತ್ತು. ವಿಡಿಯೊಗಳನ್ನು ಮೆಚ್ಚಿದರೆ, ರೇಟಿಂಗ್ ಕೊಟ್ಟರೆ ಸಮೀಕ್ಷೆಗಿಂತ ಹತ್ತು ಪಟ್ಟು ಹಣ ಎಂದು. ಎರಡು ಸಲ ಸಣ್ಣ ಮೊತ್ತ ನಿಜವಾಗಿಯೂ ಖಾತೆಗೆ ಬಂದಿತ್ತು. ಮೂರನೆಯ ಸಲ, ದೊಡ್ಡ ಕೆಲಸ ಸಿಗಬೇಕಾದರೆ ಮುಂಗಡ ಕಟ್ಟಿ ಎಂದಿದ್ದರು. ಕಟ್ಟಲೋ ಬೇಡವೋ ಎಂಬ ಯೋಚನೆಯಲ್ಲಿದ್ದರು. ಮೊದಲು ಕೊಟ್ಟು ನಂಬಿಸುವುದೇ ಈ ವಂಚನೆಯ ರೀತಿ. ಒಮ್ಮೆ ಕಟ್ಟಿದರೆ, ಅದನ್ನು ವಾಪಸು ಪಡೆಯಲು ಇನ್ನಷ್ಟು ಕಟ್ಟಿ ಎನ್ನುತ್ತಾರೆ. ಕೆಲಸ ಕೊಡುವವರು ಹಣ ಕೊಡುತ್ತಾರೆ, ಕೇಳುವುದಿಲ್ಲ. ಸೇರಲು ಶುಲ್ಕ ಕೇಳಿದರೂ, ಒಟಿಪಿ ಕೇಳಿದರೂ, ಬ್ಯಾಂಕಿನ ಪಾಸ್‌ವರ್ಡ್ ಕೇಳಿದರೂ ಅಲ್ಲಿಗೆ ಮುಚ್ಚಿಬಿಡಬೇಕು. ಆಕೆ ನನ್ನ ಎದುರಿಗೇ ಆ ಸಂಖ್ಯೆಯನ್ನು ತಡೆಹಿಡಿದರು.

ಸುಳ್ಳು ಉತ್ತರಗಳ ಬಗ್ಗೆ ನಾನು ಗದರಲಿಲ್ಲ. ಆದರೆ ಅದರಿಂದ ಹಾನಿಯಿಲ್ಲವೆಂದೂ ಹೇಳಲಿಲ್ಲ. ಮಕ್ಕಳಿರುವ ತಾಯಂದಿರು ಹೇಳಿದ್ದು ಎಂದುಕೊಂಡು ಆ ಉತ್ತರಗಳನ್ನು ಯಾರೋ ಎಲ್ಲೋ ಎಣಿಸುತ್ತಾರೆ, ಏನನ್ನೋ ತೀರ್ಮಾನಿಸುತ್ತಾರೆ. ಅದಕ್ಕಿಂತ ಹೆಚ್ಚಾಗಿ, ತನ್ನ 11 ವರ್ಷಗಳ ದುಡಿಮೆಯನ್ನು ದಿನಕ್ಕೆ ಹತ್ತು ಸಲ ಅಳಿಸುತ್ತ, ಇಲ್ಲದ ಮಗುವಿನ ವಯಸ್ಸನ್ನು ಒಬ್ಬರೇ ಕುಳಿತು ಏರಿಸುತ್ತ ಇರುವ ಮನಸ್ಸು ರಾತ್ರಿ ಮಲಗುವುದಾದರೂ ಹೇಗೆ? ಮಗುವಿನ ಬಗ್ಗೆ ಮಾತಾಡಬೇಕೆನಿಸಿದರೆ ಇಲ್ಲಿ ಮಾತಾಡಿ, ಮನೆಯಲ್ಲಿ ಮಾತಾಡಿ ಎಂದೆ. ಪಟ್ಟಿಯನ್ನು ಹರಿದುಹಾಕಬೇಕೇ ಎಂದು ಕೇಳಿದರು. ಬೇಡ ಎಂದೆ. ಆ ತಿಂಗಳು ಸುಳ್ಳಲ್ಲವಲ್ಲ. ಇಷ್ಟವಿದ್ದರೆ ಪತಿಗೆ ತೋರಿಸಿ ಎಂದು ಹೇಳಿ ಕಳುಹಿಸಿದೆ.

ವಾರಕ್ಕೆ ಎರಡು ಮಧ್ಯಾಹ್ನ ಅತ್ತೆಯನ್ನು ನೋಡಿಕೊಳ್ಳಲು ನಾದಿನಿ ಬರುವಂತೆ ಮನೆಯವರು ಏರ್ಪಾಡು ಮಾಡಿದ್ದಾರೆ. ಹಳೆಯ ಮುದ್ರಣಾಲಯದಿಂದ ಒಂದು ಹಸ್ತಪ್ರತಿ ಮನೆಗೆ ಬಂದಿದೆ, ಒಂದೇ. ಅದರ ಎರಡು ಮಧ್ಯಾಹ್ನಗಳ ಸಂಭಾವನೆ ಆ 38 ಗಂಟೆಗಳದ್ದಕ್ಕಿಂತ ಹೆಚ್ಚು. ಮುಂದೆ ಇನ್ನೊಂದು ಬರುತ್ತದೆಯೋ ಇಲ್ಲವೋ ನೋಡಬೇಕು. ನಿದ್ದೆ ಇನ್ನೂ ಪೂರ್ತಿ ಸರಿಯಾಗಿಲ್ಲ.

ಸಮೀಕ್ಷೆಗಳನ್ನು ಆಕೆ ಬಿಟ್ಟಿಲ್ಲ. ಒಂದೇ ತಾಣ, ಅತ್ತೆ ಮಲಗಿರುವ ಹೊತ್ತಿನಲ್ಲಿ, ದಿನಕ್ಕೆ ಅರ್ಧ ಗಂಟೆ. ಕಳೆದ ವಾರ ಒಂದು ಸಮೀಕ್ಷೆ ಎಂದಿನಂತೆ ಮನೆಯಲ್ಲಿ ಐದು ವರ್ಷದೊಳಗಿನ ಮಗು ಇದೆಯೇ ಎಂದು ಕೇಳಿತಂತೆ. ‘ಇಲ್ಲ’ ಎಂದು ಒತ್ತಿದರಂತೆ. ಒತ್ತಿ ಅತ್ತರಂತೆ. ಒಳಗಿದ್ದ ಪತಿ ಎದ್ದು ಬಂದು, ಏನೆಂದು ಕೇಳದೆ, ಪಕ್ಕದಲ್ಲಿ ಕುಳಿತು, “ಈಗ ಎರಡು ವರ್ಷ ಆರು ತಿಂಗಳು ಆಗಿರುತ್ತಿತ್ತು” ಎಂದರಂತೆ. ಮುಂದಿನ ಪುಟದಲ್ಲಿ, ಈ ಸಮೀಕ್ಷೆಗೆ ನೀವು ಅರ್ಹರಲ್ಲ ಎಂದು ಬಂದಿತ್ತು. ಬರುವ ಭೇಟಿಗೆ ಇಬ್ಬರೂ ಬರುತ್ತೇವೆ, ಸ್ವಲ್ಪ ಹೆಚ್ಚು ಸಮಯ ಕೊಡಿ ಎಂದು ಕೇಳಿದ್ದಾರೆ.