ಫುಟ್‌ಬಾಲ್ ಆಡುವ 12 ವರ್ಷದ ಮಗನಿಗೆ ‘ಈ ಸೀಸನ್‌ನಲ್ಲಿ 10 ಗೋಲು’ ಅಂತ ಗುರಿ ಇಡುವುದು ಸರಿಯೇ?

ಬೇಡ ಅನ್ನುತ್ತೇನೆ. ಗೋಲು ಅವನೊಬ್ಬನ ಕೈಯಲ್ಲಿಲ್ಲ, ಕಾಲಲ್ಲೂ ಇಲ್ಲ! ಪಾಸ್ ಕೊಡುವವರು ಬೇಕು, ಎದುರಿನ ಗೋಲ್‌ಕೀಪರ್ ಆವತ್ತು ಎಡವಬೇಕು. ಅವನು ಡಿಫೆಂಡರ್ (ಎದುರಾಳಿಯ ದಾಳಿ ತಡೆಯುವ ಆಟಗಾರ) ಆಗಿದ್ದರಂತೂ ಆ ಲೆಕ್ಕಕ್ಕೆ ಅರ್ಥವೇ ಇಲ್ಲ.

ಅವನ ಹಿಡಿತದಲ್ಲಿರುವುದನ್ನು ಗುರಿ ಮಾಡಿ. ಎಡಗಾಲು ಹಿಂದೆ ಬಿದ್ದಿದೆ ಅಂದುಕೊಳ್ಳಿ. ದಿನಾ 10 ನಿಮಿಷ ಎಡಗಾಲಲ್ಲಿ ಗೋಡೆಗೆ ಚೆಂಡು ಒದ್ದು, ವಾಪಸ್ ಬಂದದ್ದನ್ನು ಎಡಗಾಲಲ್ಲೇ ತಡೆಯಲಿ. 20 ಸಲ ಒದ್ದರೆ ಎಷ್ಟು ಸಲ ಹತೋಟಿಗೆ ಬಂತು ಅಂತ ಅವನೇ ನೋಟ್‌ಬುಕ್‌ನಲ್ಲಿ ಬರೆಯಲಿ. ಇವತ್ತು 8 ಇದ್ದರೆ ತಿಂಗಳಲ್ಲಿ 12 ಆದರೂ ಸಾಕು. ಮ್ಯಾಚ್‌ನಲ್ಲಿ ಒಂದೇ ಕೆಲಸ ಕೊಡಿ: ಚೆಂಡು ಬರುವ ಮೊದಲು ಒಮ್ಮೆ ತಿರುಗಿ ಹಿಂದೆ ಯಾರಿದ್ದಾರೆ ನೋಡುವುದು. ಜಾಸ್ತಿ ಹೇಳಿದರೆ ಯಾವುದೂ ತಲೆಯಲ್ಲಿ ನಿಲ್ಲುವುದಿಲ್ಲ.

ಪಕ್ಕದ ಹುಡುಗನ ಜೊತೆ ಹೋಲಿಕೆಯೂ ಬೇಡ. ಒಂದೇ ವಯೋಮಿತಿಯ ತಂಡದಲ್ಲಿ ಜನವರಿಯಲ್ಲಿ ಹುಟ್ಟಿದವನೂ ಇರುತ್ತಾನೆ, ಡಿಸೆಂಬರ್‌ನವನೂ ಇರುತ್ತಾನೆ. ಹತ್ತಿರ ಹತ್ತಿರ ಒಂದು ವರ್ಷದ ವ್ಯತ್ಯಾಸ, ಅಲ್ವಾ? ದೊಡ್ಡವನು ಸುಮ್ನೆ ಮೈಕಟ್ಟಿನಿಂದಲೇ ಗೆಲ್ಲುತ್ತಾನೆ. ಅದನ್ನೇ ಪ್ರತಿಭೆ ಅಂದುಕೊಳ್ಳುವ ಕೋಚ್‌ಗಳೂ ಇದ್ದಾರೆ. ಮೆಸ್ಸಿ ಹುಡುಗನಾಗಿದ್ದಾಗ ಎಲ್ಲರಿಗಿಂತ ಕುಳ್ಳ. ಬೆಳವಣಿಗೆಯ ಹಾರ್ಮೋನ್ ಕೊರತೆಗೆ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದ.

ಇನ್ನು, ಹುಡುಗರು ಸಾಮಾನ್ಯವಾಗಿ 13–14ರ ಹೊತ್ತಿಗೆ ಸರ್ರನೆ ಉದ್ದವಾಗುತ್ತಾರೆ. ಆಗ ಕೆಲವು ತಿಂಗಳು ಕಾಲು ಮಾತು ಕೇಳದಿರಬಹುದು, ಮೊದಲು ಸಲೀಸಾಗಿ ಬರುತ್ತಿದ್ದ ಪಾಸೂ ತಪ್ಪಬಹುದು. ಬೈಯಬೇಡಿ, ಗುರಿ ಇಳಿಸಿ. ಮೊಣಕಾಲು, ಹಿಮ್ಮಡಿ ನೋವು ಅಂದರೆ ಓಟ ಕಡಿಮೆ ಮಾಡಿಸಿ. ನೋವು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.