ತಿಂಗಳುಗಟ್ಟಲೆ ಕೆಮ್ಮಿದರೂ ಕಫ ಪರೀಕ್ಷೆ ಯಾಕೆ ಮಾಡಿಸಲಿಲ್ಲ?

ಪ್ರಶ್ನೆ: ಡಾಕ್ಟರೇ, ನಮ್ಮ ಯಜಮಾನರಿಗೆ ಶ್ರಾವಣದಲ್ಲಿ ಶುರುವಾದ ಕೆಮ್ಮು ದೀಪಾವಳಿ ಕಳೆದರೂ ಹೋಗಲಿಲ್ಲ. ಮೂರು ಕಡೆ ತೋರಿಸಿದೆವು. ಎಲ್ಲ ಕಡೆ ಇಂಜೆಕ್ಷನ್, ಸಿರಪ್, ಮಾತ್ರೆ. ಕೊನೆಗೆ ಕೆಮ್ಮಿದಾಗ ರಕ್ತ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಟಿ.ಬಿ. ಅಂದರು. ಇಷ್ಟು ದುಡ್ಡು ಕೊಟ್ಟರೂ ಮೊದಲೇ ಯಾಕೆ ಗೊತ್ತಾಗಲಿಲ್ಲ? ಈಗಿನ ಡಾಕ್ಟರುಗಳನ್ನು ನಂಬುವುದು ಹೇಗೆ? ಚೀಟಿಗಳ ಜೆರಾಕ್ಸ್ ಕಳಿಸಿದ್ದೇನೆ. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ.
– ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ತಾಯಿ, ಚೀಟಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಸಿಟ್ಟು ಬಂತು. ಮೊದಲನೆಯದರಲ್ಲಿ ಅಜಿತ್ರೋಮೈಸಿನ್ ಎಂಬ ಆಂಟಿಬಯೋಟಿಕ್. ಎರಡನೆಯದರಲ್ಲಿ ಲೆವೊಫ್ಲಾಕ್ಸಾಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್. ಮೂರನೆಯದರಲ್ಲೂ ಅದೇ, ಬೇರೆ ಕಂಪನಿಯ ಹೆಸರಲ್ಲಿ. ಯಾವುದರಲ್ಲೂ ತೂಕ ಬರೆದಿಲ್ಲ. ಎಷ್ಟು ದಿನದ ಕೆಮ್ಮು ಅಂತ ಇಲ್ಲ. ಹಿಂದಿನವರು ಏನು ಕೊಟ್ಟಿದ್ದರು ಅಂತ ಕೇಳಿದ ಗುರುತೂ ಇಲ್ಲ.

ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು. ಇದನ್ನು ಎಲ್ಲ ಡಾಕ್ಟರುಗಳೂ ಓದಿಯೇ ಬಂದಿರುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡೂ ಇಲ್ಲ. ಕಫದಲ್ಲಿ ಟಿ.ಬಿ. ಕ್ರಿಮಿ ಪತ್ತೆ ಮಾಡುವ ಸಿಬಿನಾಟ್ ಯಂತ್ರದಲ್ಲಿ ಸುಮಾರು 2 ಗಂಟೆಗೆ ಫಲಿತಾಂಶ ಬರುತ್ತದೆ. ಆದರೆ ರೋಗಿ ಸ್ಟೂಲಿನ ಮೇಲೆ ಕೂರುವಷ್ಟರಲ್ಲಿ ಪೆನ್ನು ಓಡುತ್ತಿರುತ್ತದೆ. ಕೇಳಿಸಿಕೊಳ್ಳುವ ವ್ಯವಧಾನವೇ ಹೋಗಿಬಿಟ್ಟಿದೆ.

ಆ ಲೆವೊಫ್ಲಾಕ್ಸಾಸಿನ್ ಬಗ್ಗೆ ಹೇಳಲೇಬೇಕು. ಅದು ಟಿ.ಬಿ. ಕ್ರಿಮಿಯನ್ನೂ ಸ್ವಲ್ಪ ಅಡಗಿಸುತ್ತದೆ. ಜ್ವರ ಇಳಿಯಬಹುದು, ಗುಣವಾಯಿತು ಅಂದುಕೊಳ್ಳುತ್ತೇವೆ. ಕಾಯಿಲೆ ಒಳಗೇ ಇರುತ್ತದೆ, ಪರೀಕ್ಷೆಗೂ ಸಿಗದೆ ತಪ್ಪಿಸಿಕೊಳ್ಳಬಹುದು. ಮಾಮೂಲಿ ಮಾತ್ರೆಗೆ ಬಗ್ಗದ ಟಿ.ಬಿ.ಗೆ ಬೇಕಾಗುವ ಮದ್ದು ಇದು. ಕಂಡಕಂಡ ಕೆಮ್ಮಿಗೆಲ್ಲ ಬರೆದರೆ ನಾಳೆ ಅದೂ ನಾಟುವುದಿಲ್ಲ, ಅಲ್ವಾ?

ಹಾಗಂತ ಎಲ್ಲರನ್ನೂ ಅನುಮಾನಿಸಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಕಾಯಿಲೆ ಪತ್ತೆ ಹಚ್ಚಿದವರೂ ಡಾಕ್ಟರೇ. ಎಲ್ಲಿಗೆ ಹೋದರೂ ಹಳೇ ಚೀಟಿ ಕೈಯಲ್ಲಿರಲಿ. ‘ಇದು ಇಷ್ಟನೇ ವಾರ’ ಅಂತ ನೀವೇ ಮೊದಲು ಹೇಳಿ. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮವೇ ಇದೆ.

ಯಜಮಾನರ ಮಾತ್ರೆ ಸಾಮಾನ್ಯವಾಗಿ ಆರು ತಿಂಗಳು. ತಿಂಗಳೆರಡರಲ್ಲಿ ಮೈ ಹಗುರಾಗುತ್ತದೆ, ಆಗಲೇ ಜಾಸ್ತಿ ಜನ ಬಿಡುವುದು. ಬಿಡಲು ಕೊಡಬೇಡಿ. ಊಟಕ್ಕೆಂದು ಟಿ.ಬಿ. ರೋಗಿಗಳಿಗಾಗಿ ಇರುವ ಸರ್ಕಾರದ ನಿಕ್ಷಯ್ ಯೋಜನೆಯ ಹಣ ತಿಂಗಳಿಗೆ 1,000 ರೂಪಾಯಿ ಲೆಕ್ಕದಲ್ಲಿ ಬ್ಯಾಂಕ್ ಖಾತೆಗೆ ಬರುತ್ತದೆ, ಪಾಸ್‌ಬುಕ್ ಕೊಟ್ಟಿದ್ದೀರಾ?

ಮಗಳನ್ನು ಈ ವಾರವೇ ತೋರಿಸಿ. ಕೆಮ್ಮಿಲ್ಲವಲ್ಲ ಅಂತ ಸುಮ್ನೆ ಇರಬೇಡಿ. ಐದು ವರ್ಷದೊಳಗಿನ ಮಕ್ಕಳಿಗೆ ಮನೆಯವರಿಂದ ಅಂಟಿದರೆ ಕಾಯಿಲೆ ಬೇಗ ಜೋರಾಗುತ್ತದೆ. ಟಿ.ಬಿ. ಇಲ್ಲ ಎಂದು ಖಚಿತವಾದರೆ ಬಾರದಂತೆ ತಡೆಯುವ ಮದ್ದು ಕೊಡುತ್ತಾರೆ, ಅದೂ ಪುಕ್ಕಟೆ. ಜೊತೆಯಲ್ಲೇ ನೀವೂ ಪರೀಕ್ಷೆ ಮಾಡಿಸಿಕೊಳ್ಳಿ.