ಮುಂಬಯಿಯ ಚಾಳಿನಲ್ಲಿ (ವಠಾರದಲ್ಲಿ) ಬೆಳಿಗ್ಗೆ ನಲ್ಲಿಗೆ ಮೊದಲು ಬರುವ ನೀರು ಕದಡಿರುವುದೇಕೆ? ಕುಡಿಯಬಹುದೇ?
ಭಾತ್ಸಾ, ತಾನ್ಸಾ, ವೈತರಣಾ ಜಲಾಶಯಗಳ ನೀರು ಭಾಂಡುಪ್, ಪಾಂಜರಾಪುರಗಳ ಶುದ್ಧೀಕರಣ ಘಟಕಗಳಲ್ಲಿ ಶುದ್ಧವಾಗಿ, ಕ್ಲೋರಿನ್ ಸೇರಿಯೇ ಹೊರಡುತ್ತದೆ. ಕೆಡುವುದು ಸಾಮಾನ್ಯವಾಗಿ ಕೊನೆಯ ಪೈಪಿನಲ್ಲಿ. ದಿನಕ್ಕೆ ಕೆಲವೇ ಗಂಟೆ ನೀರು ಬಿಡುವುದರಿಂದ ಉಳಿದ ಹೊತ್ತು ಪೈಪಿನಲ್ಲಿ ಒತ್ತಡ ಇರುವುದಿಲ್ಲ. ಬಿರುಕಿದ್ದರೆ ಹೊರಗಿನ ಕೊಳೆನೀರು ಒಳಗೆ ಜಿನುಗುತ್ತದೆ. ಪೈಪು ಗಟಾರದ ಪಕ್ಕದಲ್ಲೇ ಹಾದುಹೋಗಿದ್ದರೆ ಕೇಳುವುದೇ ಬೇಡ. ಲೈನಿಗೆ ನೇರವಾಗಿ ಪಂಪ್ ಹಚ್ಚಿ ಎಳೆಯುವವರು ಆ ಕೊಳೆಯನ್ನೂ ಎಳೆದುಕೊಳ್ಳುತ್ತಾರೆ, ಅಕ್ಕಪಕ್ಕದವರ ಪಾಲಿನ ನೀರನ್ನೂ.

ಗಾಜಿನ ಲೋಟದಲ್ಲಿ ಹಿಡಿದು ನೋಡಿ. ಬೆಳ್ಳಗಿದ್ದು ಒಂದೆರಡು ನಿಮಿಷದಲ್ಲಿ ತಳದಿಂದ ತಿಳಿಯಾಗುತ್ತ ಬಂದರೆ ಅದು ಬರೀ ಗಾಳಿಗುಳ್ಳೆ. ಕೆಂಪು ಪುಡಿ ತಳಕ್ಕೆ ಕೂತರೆ ಹೆಚ್ಚಾಗಿ ಪೈಪಿನ ತುಕ್ಕು. ಗಟಾರದ ವಾಸನೆ ಬಂದರೆ ಮಾತ್ರ ಕುದಿಸಿಯೂ ಕುಡಿಯಬೇಡಿ. ಪಾಲಿಕೆಯ ಸಹಾಯವಾಣಿ 1916ಕ್ಕೆ ದೂರು ಕೊಡಿ.

ಮೊದಲ ಒಂದೆರಡು ಬಕೆಟ್ ನೀರನ್ನು ನೆಲ ಒರೆಸಲು, ಸಂಡಾಸಿಗೆ ಇಟ್ಟುಕೊಳ್ಳಿ. ತಿಳಿಯಾದ ಮೇಲೆ ಹಿಡಿದ ಕುಡಿಯುವ ನೀರನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಯತೊಡಗಿದ ಮೇಲೆ ಇನ್ನೂ 1 ನಿಮಿಷ ಒಲೆಯ ಮೇಲಿಡಿ. ಬರೀ ಬಿಸಿ ಮಾಡಿದರೆ ಸಾಲದು. ಆರಿದ ನೀರಿಗೆ ಕೈ ಅದ್ದದೆ, ಹಿಡಿಯಿರುವ ಸೌಟಿನಿಂದಲೇ ತೆಗೆಯಿರಿ.